ಎಣಿಸಲು ಬಂದರೆ ‘ಕೌಂಟಬಲ್’, ಬಾರದಿದ್ದರೆ ‘ಅನ್‌ಕೌಂಟಬಲ್’: ಈ ಸೂತ್ರ ನಿಜವೇ?

“ಇಂಗ್ಲಿಷ್ ಗ್ರಾಮರ್ ತುಂಬಾ ಸುಲಭ. ಬೆರಳು ಮಡಚಿ ಎಣಿಸಲು ಬಂದರೆ ಕೌಂಟಬಲ್ ನೌನ್, ಬಾರದಿದ್ದರೆ ಅನ್‌ಕೌಂಟಬಲ್.” ಇಂಥ ಒಂದು ಸಾಲಿನ ಸೂತ್ರಗಳು ಪರೀಕ್ಷಾ ತಯಾರಿಯ ಗ್ರೂಪ್‌ಗಳಲ್ಲಿ ಆಗಾಗ ಫಾರ್ವರ್ಡ್ ಆಗುತ್ತವೆ. ಇದನ್ನು ನಂಬಿ ಉತ್ತರ ಬರೆಯಬಹುದೇ?

ಸೂತ್ರ ಎಲ್ಲಿ ತಪ್ಪುತ್ತದೆ?

ಬುಕ್, ಪೆನ್, ವಾಟರ್, ಮಿಲ್ಕ್ ಇಂಥ ಪದಗಳಿಗೆ ಸೂತ್ರ ಸರಿಹೊಂದುತ್ತದೆ. ಆದರೆ ಕೋಣೆಯಲ್ಲಿರುವ ಕುರ್ಚಿ, ಮೇಜುಗಳನ್ನು ನೀವು ಎಣಿಸಬಹುದು. ಆದರೂ ‘ಫರ್ನಿಚರ್’ ಅನ್‌ಕೌಂಟಬಲ್. ‘ಫರ್ನಿಚರ್ಸ್’ ಎಂದರೆ ತಪ್ಪು. ಲಗೇಜ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್ ಕಥೆಯೂ ಇದೇ. ನೋಟು ಎಣಿಸುತ್ತೇವೆ, ಆದರೆ ‘ಮನಿ’ ಅನ್‌ಕೌಂಟಬಲ್, ‘ರುಪೀ’ ಕೌಂಟಬಲ್. ಅಕ್ಕಿ ಕಾಳು, ಬೇಳೆ ಕಾಳು ಎರಡೂ ಚಿಕ್ಕವೇ. ಇಂಗ್ಲಿಷ್‌ನಲ್ಲಿ ‘ರೈಸ್’ ಅನ್‌ಕೌಂಟಬಲ್, ‘ಲೆಂಟಿಲ್’ ಕೌಂಟಬಲ್.

ಅಂದರೆ ಎಣಿಕೆಗೆ ಸಿಗುವುದು, ಸಿಗದಿರುವುದು ವಸ್ತುವಿನ ಗುಣವಲ್ಲ, ಆ ಭಾಷೆಯಲ್ಲಿ ಪದ ಬಳಕೆಯಾಗುವ ರೀತಿ. ಅದು ಬದಲಾಗುವುದೂ ಉಂಟು. ಬಟಾಣಿಗೆ ಇಂಗ್ಲಿಷ್‌ನಲ್ಲಿ ಹಿಂದೆ ‘ಪೀಸ್’ ಎನ್ನುತ್ತಿದ್ದರು. ಕೊನೆಯ ‘ಸ್’ ಬಹುವಚನದ್ದೆಂದು ಜನ ಭಾವಿಸಿದ್ದರಿಂದ, 17ನೇ ಶತಮಾನದಲ್ಲಿ ‘ಪೀ’ ಎಂಬ ಹೊಸ ಏಕವಚನ ಬಳಕೆಗೆ ಬಂತು.

ನಾವು ಎಡವುವುದೇಕೆ?

ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಪುರಾವೆಗಳು ಎನ್ನುವುದು ಸಹಜ. ಅದೇ ಅಭ್ಯಾಸದಲ್ಲಿ ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’ ಎಂದು ಬರೆಯುತ್ತೇವೆ. ಇದು ದಡ್ಡತನವಲ್ಲ. ಫ್ರೆಂಚ್, ಜರ್ಮನ್ ಭಾಷೆಗಳಲ್ಲೂ ಈ ‘ಮಾಹಿತಿ’ ಪದಕ್ಕೆ ಬಹುವಚನವಿದೆ. ಹಾಗಾಗಿ ಇಂಥ ತಪ್ಪು ಮಾಡಿದವರನ್ನು ಗ್ರೂಪ್‌ನಲ್ಲಿ ಗೇಲಿ ಮಾಡುವ ಅಗತ್ಯವಿಲ್ಲ. ಆದರೆ ಉದ್ಯೋಗದ ಅರ್ಜಿ, ಪರೀಕ್ಷೆಗಳಲ್ಲಿ ಇದು ತಪ್ಪೆಂದೇ ಪರಿಗಣಿತವಾಗುವುದರಿಂದ ತಿದ್ದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಗುರುತಿಸುವುದು ಹೇಗೆ?

• ವಸ್ತುವನ್ನು ನೋಡಬೇಡಿ, ಪದವನ್ನು ನೋಡಿ. ಅದರ ಹಿಂದೆ ‘ಮೆನಿ’ ಬರುತ್ತದೋ ‘ಮಚ್’ ಬರುತ್ತದೋ? ‘ಮೆನಿ ಚೇರ್ಸ್’, ಆದರೆ ‘ಮಚ್ ಫರ್ನಿಚರ್’.

• ಸಂಖ್ಯೆ ಹೇಳಲೇಬೇಕಾದರೆ ‘ಪೀಸ್ ಆಫ್’ ಸೇರಿಸಿ: ‘ಎ ಪೀಸ್ ಆಫ್ ಅಡ್ವೈಸ್’, ‘ಟೂ ಪೀಸಸ್ ಆಫ್ ಲಗೇಜ್’.

• ‘ನ್ಯೂಸ್’ ಕೊನೆಯ ‘ಸ್’ ನೋಡಿ ಮೋಸ ಹೋಗಬೇಡಿ. ‘ದ ನ್ಯೂಸ್ ಈಸ್’ ಸರಿ, ‘ದ ನ್ಯೂಸ್ ಆರ್’ ತಪ್ಪು.

• ಕೆಲವು ಪದಗಳು ಎರಡೂ ಕಡೆ ಸಲ್ಲುತ್ತವೆ. ತಲೆಗೂದಲೆಲ್ಲ ಸೇರಿ ‘ಹೇರ್’. ಸಾರಿನಲ್ಲಿ ಸಿಕ್ಕ ಒಂದು ಎಳೆ ‘ಎ ಹೇರ್’. ಹೋಟೆಲ್‌ನಲ್ಲಿ ‘ಟೂ ಕಾಫೀಸ್’ ಎಂದು ಕೇಳುವುದೂ ಸರಿಯೇ, ಅಲ್ಲಿ ಎಣಿಸುತ್ತಿರುವುದು ಲೋಟಗಳನ್ನು.

• ಅನುಮಾನ ಬಂದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನ ಕಲಿಯುವವರ ನಿಘಂಟು ತೆರೆಯಿರಿ. ನಾಮಪದದ ಪಕ್ಕದಲ್ಲಿ ‘ಸಿ’ ಅಕ್ಷರವಿದ್ದರೆ ಕೌಂಟಬಲ್, ‘ಯು’ ಇದ್ದರೆ ಅನ್‌ಕೌಂಟಬಲ್.

ತೀರ್ಮಾನ: ಫಾರ್ವರ್ಡ್ ಸೂತ್ರ ಅರ್ಧ ನಿಜ. ಮಕ್ಕಳಿಗೆ ಹೇಳಿಕೊಡುವಾಗ ‘ಫರ್ನಿಚರ್’ ಉದಾಹರಣೆಯನ್ನೂ ಸೇರಿಸಿ ಹೇಳಿ. ಉಳಿದರ್ಧ ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ.