ಯುದ್ಧದ ವೆಚ್ಚವೂ ನೋಟಿನ ಬೆಂಬಲವೂ

1787ರಲ್ಲಿ ಟೀಪೂ ಸುಲ್ತಾನನೂ ಮರಾಠರೂ ಗಜೇಂದ್ರಗಡದಲ್ಲಿ ಕೌಲು ಮಾಡಿಕೊಂಡಾಗ ಸುಲ್ತಾನನು 48 ಲಕ್ಷ ರೂಪಾಯಿ ಕೊಡಲು ಒಪ್ಪಿದನು. ಆ ಕಾಳಗದ ಕಿಡಿ ಹೊತ್ತಿದ್ದು ನರಗುಂದದ ಕಪ್ಪದ ತಗಾದೆಯಿಂದ. ಅಂದಿನದು ನಾಣ್ಯದ ಲೆಕ್ಕ. ಬೊಕ್ಕಸದಲ್ಲಿ ಇದ್ದುದನ್ನು ಎಣಿಸಿ ಕೊಡಬೇಕು, ಸಾಲದಿದ್ದರೆ ರೈತನಿಂದ ಎತ್ತಬೇಕು. ಒಂದೂವರೆ ಶತಮಾನದ ತರುವಾಯ ಇದೇ ಸೀಮೆಯು ಮತ್ತೊಂದು ಯುದ್ಧದ ಭಾರವನ್ನು ಹೊತ್ತಿತು. ಈ ಸಲ ಕಪ್ಪ ಕೇಳಲು ದಂಡು ಬರಲಿಲ್ಲ. ಜನರ ಕೈಯಲ್ಲಿ ರೊಕ್ಕ ಹೆಚ್ಚುತ್ತಲೇ ಹೋಯಿತು. ಭಾರವು ಆ ರೊಕ್ಕದೊಳಗೇ ಅಡಗಿತ್ತು.

ಇದರ ಮರ್ಮವನ್ನರಿಯಲು ರಿಜರ್ವ್ ಬ್ಯಾಂಕಿನ ವಾರದ ತಖ್ತೆಯನ್ನು ನೋಡಬೇಕು. 1935ನೆಯ ಏಪ್ರಿಲ್ 1ರಂದು ಕೆಲಸಕ್ಕೆ ತೊಡಗಿದ ಈ ಬ್ಯಾಂಕು ತಾನು ಹೊರಡಿಸಿದ ನೋಟುಗಳೆಷ್ಟು, ಅವುಗಳ ಬೆಂಬಲಕ್ಕೆ ಇಟ್ಟ ಸ್ವತ್ತು ಯಾವುದು ಎಂಬುದನ್ನು ವಾರಕ್ಕೊಮ್ಮೆ ಸರಕಾರಿ ಗ್ಯಾಝೆಟಿನಲ್ಲಿ ಪ್ರಕಟಿಸಬೇಕೆಂದು ಕಾಯದೆಯೇ ವಿಧಿಸಿತ್ತು. ಬೆಂಬಲದ ಐದರಲ್ಲಿ ಎರಡು ಪಾಲು ಬಂಗಾರ ಇಲ್ಲವೆ ಸ್ಟರ್ಲಿಂಗ್ ಸಾಲಪತ್ರಗಳಿರಬೇಕು. ಬಂಗಾರವು 40 ಕೋಟಿ ರೂಪಾಯಿಗೆ ಕಡಿಮೆಯಾಗಕೂಡದು. ಸ್ಟರ್ಲಿಂಗ್ ಸಾಲಪತ್ರವೆಂದರೆ ಆಂಗ್ಲ ಸರಕಾರವು ಬರೆದುಕೊಟ್ಟ ಸಾಲದ ಕಾಗದ. ಬಂಗಾರವನ್ನೂ ಈ ಕಾಗದವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಕಾಯದೆಯ ಚಾತುರ್ಯವೇ ಸರಿ.

1939ರ ನವೆಂಬರದಲ್ಲಿ ಎರಡೂ ಸರಕಾರಗಳೊಳಗೆ ಒಂದು ಒಪ್ಪಂದವಾಯಿತು. ಅದರಂತೆ ಯುದ್ಧವೆಚ್ಚದಲ್ಲಿ ಬ್ರಿಟನ್ನಿನ ಪಾಲನ್ನು ಮೊದಲು ಹಿಂದುಸ್ಥಾನ ಸರಕಾರವು ಇಲ್ಲಿ ರೂಪಾಯಿಯಲ್ಲಿ ಸಲ್ಲಿಸುವದು. ಬ್ರಿಟನ್ ಅದನ್ನು ಲಂಡನ್ನಿನಲ್ಲಿ ಸ್ಟರ್ಲಿಂಗಿನಲ್ಲಿ ಜಮೆ ಮಾಡುವದು. ಆ ಸ್ಟರ್ಲಿಂಗಿಗೆ ಬ್ಯಾಂಕು ಸಾಲಪತ್ರಗಳನ್ನು ಕೊಳ್ಳುವದು, ಅವುಗಳ ಆಧಾರದ ಮೇಲೆ ಇಲ್ಲಿ ನೋಟು ಹೊರಡಿಸುವದು. ಕಾಳು, ಅರಿವೆ, ತೊಗಲು ದಂಡಿಗೆ ಹೋದವು. ಅವುಗಳ ಬದಲಿಗೆ ಪೇಟೆಗೆ ಕಾಗದ ಬಂತು. ಯುದ್ಧಾರಂಭದಲ್ಲಿ ನೋಟಿನ ಬೆಂಬಲಕ್ಕಿದ್ದ ಸ್ಟರ್ಲಿಂಗ್ ಪತ್ರಗಳು ಸುಮಾರು 60 ಕೋಟಿ ರೂಪಾಯಿಯವು; 1946ರ ಹೊತ್ತಿಗೆ ಅವು 1,000 ಕೋಟಿಯನ್ನು ಮೀರಿದವು. ಚಲಾವಣೆಯ ನೋಟುಗಳು ಸುಮಾರು 180 ಕೋಟಿಯಿಂದ 1,200 ಕೋಟಿಗೆ ಏರಿದವು. ಬಂಗಾರ ಮಾತ್ರ ಸುಮಾರು 44 ಕೋಟಿಯಲ್ಲಿಯೇ ನಿಂತಿತು. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಿದವನಿಗೆ ಬೆಲೆಯೇರಿಕೆಯ ಕಾರಣವನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಸಗಟು ಬೆಲೆಗಳು ಎರಡು ಪಟ್ಟನ್ನು ಮೀರಿದವು.

ಮುಂಬಯಿಯ ಅರ್ಥಶಾಸ್ತ್ರಜ್ಞ ಸಿ. ಎನ್. ವಕೀಲರು 1943ರಲ್ಲಿಯೇ ರೂಪಾಯಿಯ ಬೀಳುವಿಕೆಯನ್ನು ಕುರಿತು ಪುಸ್ತಕ ಬರೆದು ಎಚ್ಚರಿಸಿದರು. ಸರಕಾರದ ಕಡೆಯವರು ಸರಕಿನ ಅಭಾವದ ಮೇಲೂ ಸಂಗ್ರಹಕೋರರ ಮೇಲೂ ದೋಷವನ್ನು ಹೊರಿಸಿದರು. ಅದರಲ್ಲಿಯೂ ನಿಜಾಂಶವಿಲ್ಲದಿಲ್ಲ, 1942ರಲ್ಲಿ ಬರ್ಮಾದ ಅಕ್ಕಿ ನಿಂತೇ ಹೋಗಿತ್ತು. ಆದರೆ ಅಭಾವವು ಒಂದೆರಡು ಸರಕುಗಳ ಬೆಲೆಯನ್ನು ಏರಿಸಬಲ್ಲದು. ಎಲ್ಲ ಸರಕುಗಳೂ ಒಟ್ಟಿಗೆ ಏರಿದಾಗ ರೊಕ್ಕದ ಕಡೆಗೇ ನೋಡಬೇಕಾಗುತ್ತದೆ.

ರೋಣ, ನರಗುಂದದ ಎರೆಹೊಲಗಳು ಜೋಳಕ್ಕೂ ಹತ್ತಿಗೂ ಹೆಸರಾದವು. ಜಪಾನು ಯುದ್ಧಕ್ಕಿಳಿದೊಡನೆ ನಮ್ಮ ಗಿಡ್ಡ ಎಳೆಯ ಹತ್ತಿಗೆ ಒಂದು ದೊಡ್ಡ ಗಿರಾಕಿ ತಪ್ಪಿತು. 1944ರ ಮುಂಬಯಿ ಕಾಯದೆಯು ಹೊಲದಲ್ಲಿ ಇಂತಿಷ್ಟು ಪಾಲು ಆಹಾರದ ಬೆಳೆಗೆ ಬಿಡಬೇಕೆಂದಿತು. ಆದರೂ ಜೋಳ ಮಾರುವಷ್ಟು ಬೆಳೆದ ಒಕ್ಕಲಿಗನಿಗೆ ಹಳೆಯ ಸಾಲ ತೀರಿಸುವದು ಹಗುರಾಯಿತು. ಹೊಸ ರೂಪಾಯಿ ಹಳೆಯ ರೂಪಾಯಿಗಿಂತ ಅಗ್ಗವಷ್ಟೆ. ಕೊಂಡು ಉಣ್ಣುವ ಕೂಲಿಯವನ ಗತಿ ಬೇರೆ. ಗಜೇಂದ್ರಗಡದಂಥ ನೇಕಾರರ ಊರಿನಲ್ಲಿ ನೂಲೇ ಜೀವ. 1943ರಲ್ಲಿ ಅರಿವೆಗೂ ನೂಲಿಗೂ ನಿಯಂತ್ರಣ ಬಂದ ಬಳಿಕ ನೇಕಾರನು ಮಗ್ಗದ ಮುಂದಲ್ಲ, ಪರವಾನಗಿಯ ಮುಂದೆ ಕೂಡ್ರಬೇಕಾಯಿತು. ಆ ಊರ ಮೂಡಣದ ಕುಷ್ಟಗಿ ಅಂದು ನಿಜಾಮರ ಸೀಮೆ. ಅಲ್ಲಿಯ ಹಾಲಿ ಸಿಕ್ಕಾ ಏಳು ರೂಪಾಯಿಗೆ ಇಲ್ಲಿಯ ಕಲದಾರ ಆರು. ಒಂದು ರೂಪಾಯಿಯನ್ನು ಮತ್ತೊಂದರಿಂದ ಅಳೆಯುವ ವಿದ್ಯೆ ಗಡಿಯ ವ್ಯಾಪಾರಿಗೆ ಹೊಸದಲ್ಲ. ಲಂಡನ್ನಿನ ಕಾಗದದಿಂದ ರೂಪಾಯಿಯನ್ನು ಅಳೆಯುವದು ಮಾತ್ರ ಅವನಿಗೂ ನಿಲುಕದ ಮಾತಾಗಿತ್ತು.

ಸ್ವಾತಂತ್ರ್ಯದ ತರುವಾಯ 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. ಆಗ ಸಾಲಗಾರನು ಬದಲಾದನು, ರೀತಿ ಬದಲಾಗಲಿಲ್ಲ. 1955ರಿಂದ ನಮ್ಮದೇ ಕೇಂದ್ರ ಸರಕಾರವು ತನ್ನ ಖಜಾನೆಯಲ್ಲಿ ಕೊರತೆ ಬಿದ್ದಾಗಲೆಲ್ಲ ತಾತ್ಕಾಲಿಕ ಹುಂಡಿಗಳನ್ನು ಬರೆದು ಬ್ಯಾಂಕಿಗೆ ಕೊಡತೊಡಗಿತು. ಬ್ಯಾಂಕು ಅವನ್ನು ಕೊಂಡು ಹಣ ಒದಗಿಸುತ್ತಿತ್ತು. ಹೆಸರಿಗೆ ತಾತ್ಕಾಲಿಕವಾದ ಆ ಏರ್ಪಾಡು ನಿಂತದ್ದು 1997ರಲ್ಲಿ.