ನಾಲ್ಕು ಚಕ್ರ ಚಾಲನೆಯ ನಿಯಂತ್ರಣ ಘಟಕ: ದೋಷನಿರ್ಣಯ

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗಷ್ಟೇ ಕೊಡಬೇಕೋ ಮುಂದಿನವಕ್ಕೂ ಹಂಚಬೇಕೋ ಎಂಬ ಚಾಲಕನ ಇಚ್ಛೆಯನ್ನು ಗುಂಡಿಯ ಮೂಲಕ ಗ್ರಹಿಸಿ, ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸನ್ನು ವಿದ್ಯುತ್ ಮೋಟಾರಿನಿಂದ ಬದಲಾಯಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ನಾಲ್ಕು ಚಕ್ರ ಚಾಲನೆಯ ನಿಯಂತ್ರಣ ಘಟಕವೆಂದು ಹೆಸರು. ಕೈಯಿಂದಲೇ ಲಿವರ್ ಎಳೆಯುತ್ತಿದ್ದ ಹಳೆಯ ಜೀಪುಗಳಿಗೆ ಇಂಥ ಘಟಕದ ಅಗತ್ಯವೇ ಇರಲಿಲ್ಲ.

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 1999ರಿಂದೀಚೆಗೆ ಹೊರತಂದ ಷೆವರ್ಲೆ ಸಿಲ್ವರಾಡೊ ಮೊದಲಾದ ಗುಂಡಿಯೊತ್ತುವ ವಾಹನಗಳಲ್ಲಿ ಈ ವ್ಯವಸ್ಥೆಯ ದೋಷವು ಬಹಳ ಪರಿಚಿತವಾದುದು. ‘ಸರ್ವಿಸ್ 4ಡಬ್ಲ್ಯುಡಿ’ ಎಂಬ ಸೂಚನೆ ಡ್ಯಾಶ್‌ಬೋರ್ಡಿನಲ್ಲಿ ಬೆಳಗಿದೊಡನೆ ಘಟಕವೇ ಕೆಟ್ಟಿತೆಂದು ಹೊಸದನ್ನು ತರಿಸುವ ಅವಸರ ಗ್ಯಾರೇಜುಗಳಲ್ಲಿ ಸಾಮಾನ್ಯವಾದರೂ, ದೋಷವನ್ನು ವರದಿಮಾಡಿದ ಮಾತ್ರಕ್ಕೆ ವರದಿಗಾರನೇ ಅಪರಾಧಿಯಾಗುವುದಿಲ್ಲ. ಮೋಟಾರಿನೊಳಗಿನ ಎನ್‌ಕೋಡರ್ ಎಂಬ ಸಂವೇದಕವು ಟ್ರಾನ್ಸ್‌ಫರ್ ಕೇಸು ಯಾವ ಸ್ಥಿತಿಯಲ್ಲಿದೆಯೆಂಬುದನ್ನು ನಾಲ್ಕು ತಂತಿಗಳ ಸಂಕೇತಗಳ ಸಂಯೋಜನೆಯಿಂದ ತಿಳಿಸುತ್ತಿರುತ್ತದೆ. ಅದರ ಸಂಪರ್ಕಗಳಲ್ಲಿ ಕೊಳೆ ಸೇರಿ ಅಸಂಭವವಾದ ಸಂಯೋಜನೆ ಬಂದಾಗ ಸಿ0327 ಎಂಬ ಸಂಕೇತಾಂಕ ದಾಖಲಾಗುತ್ತದೆ. ಘಟಕದ ಮೇಲೆಯೇ ನೇರವಾಗಿ ಬೆರಳು ತೋರುವುದು ಸಿ0550.

ಪರೀಕ್ಷಕನು ಮೊದಲು ಸ್ಕ್ಯಾನರಿನಿಂದ ಸಂಕೇತಾಂಕಗಳನ್ನು ಓದಿ, ಅಳಿಸುವ ಮುನ್ನ ಬರೆದಿಟ್ಟುಕೊಳ್ಳತಕ್ಕದ್ದು. ಗುಂಡಿಯ ದೀಪ ಮಿನುಗುವುದನ್ನೇ ದೋಷವೆಂದು ಭ್ರಮಿಸುವವರುಂಟು. 4ಲೋ ಎಂಬ, ಕಡಿಮೆ ವೇಗದ ನಾಲ್ಕು ಚಕ್ರ ಚಾಲನೆಯ ಸ್ಥಿತಿಗೆ ಬದಲಾಗಲು ಗೇರು ನ್ಯೂಟ್ರಲ್ಲಿನಲ್ಲಿದ್ದು ವೇಗವು ಗಂಟೆಗೆ ಸುಮಾರು 5 ಕಿಲೋಮೀಟರಿಗಿಂತ ಕಡಿಮೆಯಿರಬೇಕೆಂಬ ನಿಯಮವು ಪಾಲನೆಯಾಗದಿದ್ದರೂ ಅದು ಮಿನುಗುತ್ತದೆ. ಗುಂಡಿಗಳಲ್ಲಿ ಬೆಳಕೇ ಇಲ್ಲದಿದ್ದರೆ ಫ್ಯೂಸು, ಇಗ್ನಿಷನ್ ಸರಬರಾಜು, ಬ್ಯಾಟರಿಗಳನ್ನು ನೋಡಬೇಕು.

ಅತ್ಯಂತ ಎಚ್ಚರಿಕೆಯನ್ನು ಬೇಡುವುದು ಅರ್ತಿಂಗಿನ ಪರೀಕ್ಷೆ. ಚಾಸಿಗೆ ಬಿಗಿದ ಅರ್ತ್ ತಂತಿಯು ಕಿಲುಬಿನಿಂದ ಸವೆದು ಒಂದೆರಡು ಎಳೆಗಳಷ್ಟೇ ಉಳಿದಿದ್ದರೂ, ಮಲ್ಟಿಮೀಟರನ್ನು ಓಮ್ ಸ್ಥಾನದಲ್ಲಿಟ್ಟು ಅಳೆದಾಗ ಅದು ನಿರ್ದೋಷವೆಂದೇ ತೋರೀತು. ಆ ಅಳತೆಗೆ ಹರಿಯುವ ವಿದ್ಯುತ್ತು ಅತ್ಯಲ್ಪ. ಆದುದರಿಂದ ಮೀಟರನ್ನು ವೋಲ್ಟ್ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಘಟಕದ ಅರ್ತ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಋಣಧ್ರುವಕ್ಕೂ ತಾಗಿಸಿ ಹಿಡಿದಿರುವಾಗ ಸಹಾಯಕನು ಗುಂಡಿಯನ್ನೊತ್ತಿ ಮೋಟಾರನ್ನು ಚಲಿಸುವಂತೆ ಮಾಡಬೇಕು. ಆಗ 0.1 ಅಥವಾ 0.2 ವೋಲ್ಟಿಗಿಂತ ಗಣನೀಯವಾಗಿ ಹೆಚ್ಚು ಕಂಡರೆ ದೋಷವಿರುವುದು ಅರ್ತ್ ಮಾರ್ಗದಲ್ಲಿ. ಓಮ್ ಅಳತೆಯೊಂದನ್ನೇ ನಂಬಿ ಬೆಲೆಬಾಳುವ ಘಟಕವನ್ನು ಬದಲಾಯಿಸುವುದು ಈ ವೃತ್ತಿಯಲ್ಲಿ ಕ್ಷಮ್ಯವೆನಿಸದು.

ಎಲೆಕ್ಟ್ರಾನಿಕ್ ಘಟಕಗಳು ಪರಸ್ಪರ ಸಂವಾದಿಸುವ ಕ್ಯಾನ್ ಜಾಲವುಳ್ಳ ಈಚಿನ ವಾಹನಗಳಲ್ಲಿ ಘಟಕದೊಡನೆ ಸಂವಾದವೇ ತಪ್ಪಿ, ಯು ಅಕ್ಷರದಿಂದ ಆರಂಭವಾಗುವ ಸಂಕೇತಾಂಕಗಳು ಕಾಣಿಸಿಕೊಂಡರೆ, ಬ್ಯಾಟರಿಯನ್ನು ಕಳಚಿ, ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್ಟಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆಯುವುದು ಪದ್ಧತಿ. ಜಾಲದ ಎರಡು ತುದಿಗಳಲ್ಲಿ 120 ಓಮಿನ ರೋಧಕವೊಂದೊಂದಿರುವುದರಿಂದ ಸುಮಾರು 60 ಓಮ್ ತೋರಬೇಕು. 120 ತೋರಿದರೆ ಒಂದು ರೋಧಕದ ಸಂಪರ್ಕ ಕಡಿದಿದೆ. ಕನೆಕ್ಟರುಗಳಲ್ಲಿ ನೀರು, ಹಸುರು ಕಿಲುಬು, ಸಡಿಲವಾದ ಪಿನ್ನುಗಳನ್ನು ಕಣ್ಣಾರೆ ನೋಡುವುದರಿಂದ ಅನೇಕ ವೇಳೆ ಮೀಟರಿನ ಶ್ರಮವೇ ಉಳಿಯುತ್ತದೆ.

ಸರಬರಾಜು, ಅರ್ತ್, ಜಾಲ, ಮೋಟಾರು, ಎನ್‌ಕೋಡರುಗಳೆಲ್ಲವೂ ಸುಸ್ಥಿತಿಯಲ್ಲಿದ್ದು ದೋಷ ಮಾತ್ರ ಮರುಕಳಿಸುತ್ತಿದ್ದರೆ ಘಟಕವನ್ನು ಬದಲಾಯಿಸುವುದು ನ್ಯಾಯ. ಆದರೆ ಅನೇಕ ಮಾದರಿಗಳಲ್ಲಿ ಹೊಸ ಘಟಕಕ್ಕೆ ಆಯಾ ವಾಹನದ ಪ್ರೋಗ್ರಾಮನ್ನು ತುಂಬಬೇಕಾಗುವುದರಿಂದ, ಗುಜರಿಯಿಂದ ತಂದ ಘಟಕವು ಆಕಾರದಲ್ಲಿ ತದ್ವತ್ತಾಗಿದ್ದರೂ ನೇರವಾಗಿ ಕೆಲಸಮಾಡೀತೆಂಬ ಭರವಸೆಯಿಲ್ಲ.