ಜಾಲತಾಣಗಳ ಬಳೆ

ಅಂತರಜಾಲದ ಚರಿತ್ರೆಯೆಂದರೆ ದೊಡ್ಡ ಕಂಪನಿಗಳ ಚರಿತ್ರೆ ಎಂದೇ ಈಗ ನಾವೆಲ್ಲ ತಿಳಿದುಕೊಂಡಿದ್ದೇವೆ. ಯಾರು ಯಾರನ್ನು ಕೊಂಡರು, ಎಷ್ಟು ಕೋಟಿಗೆ ಕೊಂಡರು ಎಂಬುದೇ ಪತ್ರಿಕೆಗಳಿಗೆ ಸುದ್ದಿ. ಆದರೆ ಅದೇ ಜಾಲದ ಹಿತ್ತಿಲಲ್ಲಿ, ಕಾಸಿನ ಲಾಭ ನೋಡದ ಜನ ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಒಂದು ಏರ್ಪಾಡು ಇತ್ತು. ಅದಕ್ಕೆ ವೆಬ್‌ರಿಂಗ್ ಎಂದು ಹೆಸರು. ನಾವು ಅದನ್ನು ಜಾಲತಾಣಗಳ ಬಳೆ ಎಂದು ಕರೆಯೋಣ. ಊರು ಬಿಟ್ಟು ಬಂದು, ಒಬ್ಬರ ವಿಳಾಸವನ್ನು ಇನ್ನೊಬ್ಬರಿಂದ ಕೇಳಿ ತಿಳಿದು, ಹಾಗೆಯೇ ಸಂಘ ಕಟ್ಟಿಕೊಂಡ ನಮ್ಮಂಥವರಿಗೆ ಈ ಬಳೆಯ ಕಥೆ ತೀರ ಅಪರಿಚಿತ ಎನಿಸಲಾರದು.

1994ರ ಸುಮಾರಿಗೆ ಜಾಲದಲ್ಲಿ ಸ್ವಂತ ಪುಟ ಇಟ್ಟುಕೊಂಡವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಜನ. ಒಬ್ಬ ಅಂಚೆಚೀಟಿಯ ಬಗ್ಗೆ ಬರೆದಿಟ್ಟರೆ ಇನ್ನೊಬ್ಬ ಉಗಿಬಂಡಿಗಳ ಬಗ್ಗೆ ಬರೆದಿಡುತ್ತಿದ್ದ. ಬರೆದಿಟ್ಟದ್ದೇನೋ ಆಯಿತು, ಓದುವವನು ಅಲ್ಲಿಗೆ ಬರುವುದು ಹೇಗೆ? ಅದೇ ವರ್ಷ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ, ತಮಗೆ ಕಂಡ ತಾಣಗಳನ್ನೆಲ್ಲ ಪಟ್ಟಿ ಮಾಡತೊಡಗಿದ್ದರು. ಅದೇ ಮುಂದೆ ಯಾಹೂ ಆಯಿತು. ಪಟ್ಟಿಯಲ್ಲಿ ಹೆಸರಿಲ್ಲದ ಪುಟ ಇದ್ದೂ ಇಲ್ಲದಂತೆ. ಆಲ್ಟಾವಿಸ್ಟಾ ಎಂಬ ಹುಡುಕುಯಂತ್ರ ಬಂದದ್ದು 1995ರ ಡಿಸೆಂಬರಿನಲ್ಲಿ, ಗೂಗಲ್ ಬಂದದ್ದು 1998ರಲ್ಲಿ.

ಈ ತೊಡಕಿಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಡೆನಿಸ್ ಹೌ ಎಂಬವರು 1994ರಲ್ಲಿ ಒಂದು ಸರಳ ಉಪಾಯ ಹೂಡಿದರು. ಅದರ ಹೆಸರು ಯುರೋಪಾ. ಒಂದು ಪುಟದ ಕೊಂಡಿ ಮುಂದಿನ ಪುಟಕ್ಕೆ, ಅದರದು ಅದರ ಮುಂದಿನದಕ್ಕೆ, ಕೊನೆಯದರದು ಮತ್ತೆ ಮೊದಲಿನದಕ್ಕೆ. ಹೊಸಬ ಸೇರಬೇಕಾದರೆ ಸಾಲಿನಲ್ಲಿ ಒಬ್ಬರು ತಮ್ಮ ಕೊಂಡಿಯನ್ನು ಅವನ ಕಡೆಗೆ ತಿರುಗಿಸಿದರೆ ಸಾಕು. ಅವನು ಅವರ ಹಳೆಯ ಕೊಂಡಿಯನ್ನು ತಾನು ಹಿಡಿದುಕೊಳ್ಳುತ್ತಾನೆ. ಮದುವೆ ಮನೆಯ ಪಂಕ್ತಿಯಲ್ಲಿ ಸ್ವಲ್ಪ ಸರಿದು ಇನ್ನೊಂದು ಎಲೆ ಹಾಕಿಸಿದ ಹಾಗೆ.

ಅಂದವಾದ ಏರ್ಪಾಡು, ಆದರೆ ಬಲು ನಾಜೂಕು. ಒಬ್ಬ ವಿದ್ಯಾರ್ಥಿ ಪದವಿ ಮುಗಿಸಿ ಹೊರಟ, ಕಾಲೇಜಿನವರು ಅವನ ಪುಟ ಅಳಿಸಿದರು ಎಂದರೆ ಸುತ್ತು ಅಲ್ಲಿಗೇ ನಿಂತಿತು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು ಎಂದು ನಮ್ಮ ಅಜ್ಜಿಯರು ತಿದ್ದುತ್ತಿದ್ದರು. ಯಾವ ಮಾತಿನಿಂದ ಹೇಳಿದರೂ, ಹಿಂದಿನವನಿಗೆ ಸುದ್ದಿ ತಿಳಿದು ಅವನು ತನ್ನ ಕೊಂಡಿ ತಿದ್ದುವ ತನಕ ಓದುಗ ನಡುದಾರಿಯಲ್ಲೇ.

ಇದನ್ನು ಸರಿಪಡಿಸಿ ಊರೂರಿಗೂ ಮುಟ್ಟಿಸಿದವನು ಒಬ್ಬ ಹುಡುಗ. ಅಮೆರಿಕದ ಆರೆಗನ್ ರಾಜ್ಯದ ಆಶ್‌ಲ್ಯಾಂಡ್ ಎಂಬ ಸಣ್ಣ ಊರಿನ ಸೇಜ್ ವೈಲ್, 1995ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ ವೆಬ್‌ರಿಂಗ್ ಎಂಬ ಸೇವೆಯನ್ನು ಆರಂಭಿಸಿದ. ಇಲ್ಲಿ ಪುಟಗಳು ಒಂದರ ವಿಳಾಸ ಒಂದು ತಿಳಿದಿರಬೇಕಾಗಿಲ್ಲ. ಎಲ್ಲರ ವಿಳಾಸವೂ ಕ್ರಮಸಂಖ್ಯೆಯ ಸಮೇತ ನಡುವಿನ ಒಂದು ಕಂಪ್ಯೂಟರಿನಲ್ಲಿ. ನಾವು ಹನ್ನೆರಡನೆಯ ಪುಟದಲ್ಲಿ ‘ಮುಂದಿನದು’ ಎಂಬುದನ್ನು ಒತ್ತಿದರೆ ಕೇಳಿಕೆ ಆ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿನ ಪುಟ್ಟ ಪ್ರೋಗ್ರಾಂ ಪಟ್ಟಿ ನೋಡಿ ಹದಿಮೂರನೆಯ ಪುಟಕ್ಕೆ ಕಳಿಸಿಕೊಡುತ್ತದೆ. ಹದಿಮೂರು ಪಟ್ಟಿಯಿಂದ ಹೋಗಿದ್ದರೆ ಹದಿನಾಲ್ಕಕ್ಕೆ. ‘ಹಿಂದಿನದು’, ‘ಯಾವುದಾದರೊಂದು’, ‘ಪೂರ್ತಿ ಪಟ್ಟಿ’ ಎಂಬ ಕೊಂಡಿಗಳೂ ಜೊತೆಗಿರುತ್ತಿದ್ದವು.

ಒಂದೊಂದು ವಿಷಯಕ್ಕೂ ಒಂದೊಂದು ಬಳೆ. ಅದನ್ನು ನೋಡಿಕೊಳ್ಳುವವರಿಗೆ ರಿಂಗ್‌ಮಾಸ್ಟರ್ ಎಂದು ಹೆಸರು. ಹೆಸರು ಕೇಳಿದರೆ ಸರ್ಕಸ್ಸಿನ ಚಾಟಿ ನೆನಪಿಗೆ ಬರುತ್ತದೆ, ಕೆಲಸ ಮಾತ್ರ ನಮ್ಮ ಸಂಘಗಳ ಕಾರ್ಯದರ್ಶಿಯದು. ಸೇರಬಯಸುವವರು ಅರ್ಜಿ ಹಾಕಿದರೆ ಕೊಂಡಿಗಳ ನಾಲ್ಕಾರು ಸಾಲುಗಳನ್ನು ಕಳಿಸಿಕೊಡುತ್ತಿದ್ದರು. ಅದನ್ನು ಪುಟದ ಬುಡದಲ್ಲಿ ಅಂಟಿಸಿಕೊಳ್ಳಬೇಕು. ರಿಂಗ್‌ಮಾಸ್ಟರ್ ಸ್ವತಃ ಹೋಗಿ ನೋಡಿ, ಕೊಂಡಿ ಸರಿಯಾಗಿದೆಯೆ, ಪುಟ ವಿಷಯಕ್ಕೆ ಸಂಬಂಧಪಟ್ಟದ್ದೆ ಎಂದು ಖಾತ್ರಿಯಾದ ಮೇಲೆ ಪಟ್ಟಿಗೆ ಸೇರಿಸುವರು. ಯಂತ್ರಕ್ಕೆ ಪುಟದಲ್ಲಿ ಯಾವ ಪದ ಇದೆ ಎಂಬುದು ಕಾಣುತ್ತದೆ. ಒಳ್ಳೆಯದೋ ಹುಸಿಯೋ ಎಂದು ಓದಿ ಹೇಳಲು ಒಬ್ಬ ಮನುಷ್ಯನೇ ಬೇಕಾಗಿತ್ತು.

ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯನ್ನು ಹಿರಿಯ ಓದುಗರು ಬಲ್ಲರು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಬಳೆಯ ವ್ಯವಹಾರವೂ ಇಂಥದ್ದೇ. ನನ್ನ ಪುಟಕ್ಕೆ ಬಂದವರನ್ನು ನಿನ್ನ ಮನೆಗೆ ಕಳಿಸುತ್ತೇನೆ, ಸುತ್ತು ಹಾಕಿ ಯಾರಾದರೂ ನನ್ನ ಮನೆಗೆ ಬರುತ್ತಾರೆ. ಯಾರ ಹತ್ತಿರವೂ ಜಾಹೀರಾತಿಗೆ ಹಣ ಇರಲಿಲ್ಲ, ಬೇಕಾಗಲೂ ಇಲ್ಲ.

ಎಲ್ಲರ ವಿಳಾಸವೂ ಒಂದೇ ಕಡೆ ಸೇರಿದ್ದರಲ್ಲಿ ಅನುಕೂಲವಿದ್ದಂತೆ ಅಪಾಯವೂ ಇತ್ತು. ವೈಲ್ 1997ರಲ್ಲಿ ಸೇವೆಯನ್ನು ಸ್ಟಾರ್‌ಸೀಡ್ ಎಂಬ ಕಂಪನಿಗೆ ಮಾರಿದ. 1998ರಲ್ಲಿ ಅದನ್ನು ಜಿಯೋಸಿಟೀಸ್ ಕೊಂಡಿತು. ಸಾಮಾನ್ಯರಿಗೆ ಬಿಟ್ಟಿಯಾಗಿ ಪುಟ ಇಡಲು ಜಾಗ ಕೊಡುತ್ತಿದ್ದ, ಬೀದಿ ಬಡಾವಣೆಗಳ ಹೆಸರಿಟ್ಟು ಜಾಲದಲ್ಲೊಂದು ಊರನ್ನೇ ಕಟ್ಟಿದ್ದ ಕಂಪನಿ ಅದು. ಆ ಜಿಯೋಸಿಟೀಸನ್ನು 1999ರಲ್ಲಿ ಯಾಹೂ ಸುಮಾರು 350 ಕೋಟಿ ಡಾಲರಿನ ಷೇರು ಕೊಟ್ಟು ತನ್ನದಾಗಿಸಿಕೊಂಡಿತು. ಅಷ್ಟು ದೊಡ್ಡ ಸಂತೆಯಲ್ಲಿ ಬಳೆಗಳ ಈ ಪುಟ್ಟ ಗಂಟು ಕೈಯಿಂದ ಕೈಗೆ ದಾಟಿಹೋಯಿತು. ಬಳೆ ತೊಟ್ಟವರನ್ನು ಯಾರೂ ಕೇಳಲಿಲ್ಲ.

2000ದ ಸೆಪ್ಟೆಂಬರಿನಲ್ಲಿ ಯಾಹೂ ಇಡೀ ವ್ಯವಸ್ಥೆಯನ್ನು ಬದಲಾಯಿಸಿತು. ಮುಂದುವರಿಯಬೇಕಾದರೆ ಯಾಹೂ ಖಾತೆ ಬೇಕಾಯಿತು, ಹಳೆಯ ಕೊಂಡಿಯ ಸಾಲುಗಳನ್ನು ತೆಗೆದು ಹೊಸದನ್ನು ಹಾಕಿಕೊಳ್ಳಬೇಕಾಯಿತು. ವರ್ಷಗಟ್ಟಲೆ ಬಳೆ ಕಾಪಾಡಿದ ರಿಂಗ್‌ಮಾಸ್ಟರುಗಳು ತಮ್ಮ ಮನೆಯಲ್ಲೇ ಬಾಡಿಗೆದಾರರಾದರು. ಸಾವಿರಾರು ಹವ್ಯಾಸಿಗಳು ಒಂದೇ ತಿಂಗಳಲ್ಲಿ ತಮ್ಮ ಪುಟ ತಿದ್ದಿಯಾರೆಂದು ನಂಬುವುದು ಹೇಗೆ? ಹಲವರು ಗೊಣಗಿದರು, ಇನ್ನು ಹಲವರು ಸುಮ್ಮನೆ ಬಿಟ್ಟರು. ಒಂದು ವರ್ಷ ಕಳೆಯುವುದರೊಳಗೆ ಯಾಹೂವಿಗೂ ಇದು ಸಾಕಾಯಿತು. 2001ರ ಅಕ್ಟೋಬರಿನಲ್ಲಿ ವೆಬ್‌ರಿಂಗ್ ಮತ್ತೆ ಸ್ವತಂತ್ರವಾಯಿತಾದರೂ ಚದುರಿದ ಜನ ಮರಳಿ ಕೂಡಲಿಲ್ಲ. 2009ರ ಅಕ್ಟೋಬರ್ 26ರಂದು ಅಮೆರಿಕದ ಜಿಯೋಸಿಟೀಸ್ ಕೂಡ ಬಾಗಿಲು ಹಾಕಿತು.

ಗೂಗಲ್ ಬಂದ ಮೇಲೆ ಬಳೆಯ ಅಗತ್ಯವೇ ಇರಲಿಲ್ಲ, ಯಾಹೂವನ್ನು ದೂರಿ ಫಲವೇನು ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಹುಡುಕುವುದಕ್ಕೆ ಬಳೆಗಿಂತ ಗೂಗಲ್ ಮೇಲು, ಒಪ್ಪಿದೆವು. ಆದರೆ ಏನು ಹುಡುಕಬೇಕೆಂದು ಗೊತ್ತಿದ್ದವನಿಗೆ ಮಾತ್ರ ಅದು ನೆರವಾಗುತ್ತದೆ. ಹೆಸರೇ ಕೇಳದ ಪುಟದ ಹೊಸ್ತಿಲಿಗೆ ಕೈಹಿಡಿದು ಕರೆದೊಯ್ಯುವುದು ಬಳೆಯ ಗುಣ.

ಕನ್ನಡದ ಮಟ್ಟಿಗಂತೂ ಆ ವಾದ ಬಹುಕಾಲ ನಿಲ್ಲುವಂತಿರಲಿಲ್ಲ. ನಮ್ಮ ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ವಿ.ಎಸ್.ಎನ್.ಎಲ್. ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, 1996ರಲ್ಲಿ, ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಬಂತು. ಆದರೆ ಆಗಿನ ಕನ್ನಡ ತಾಣಗಳಲ್ಲಿ ಒಂದೊಂದಕ್ಕೆ ಒಂದೊಂದು ಅಕ್ಷರಶೈಲಿ. ಆ ಫಾಂಟನ್ನು ಇಳಿಸಿಕೊಳ್ಳದಿದ್ದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕುಯಂತ್ರಕ್ಕೂ ಕಂಡದ್ದು ಆ ಕಲಸುಮೇಲೋಗರವೇ. ‘ಬೇಂದ್ರೆ’ ಎಂದು ಹುಡುಕಿದರೆ ಬೇಂದ್ರೆ ಸಿಗುವ ಮಾತೇ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಯುನಿಕೋಡ್ ಕನ್ನಡ ಮನೆಗಳಿಗೆ ಬರುವವರೆಗೂ ಒಂದು ಕನ್ನಡ ಪುಟದಿಂದ ಇನ್ನೊಂದಕ್ಕೆ ದಾರಿಯೆಂದರೆ ಯಾರಾದರೂ ಪುಣ್ಯಾತ್ಮರು ಕೈಯಾರೆ ಹಾಕಿಟ್ಟ ಕೊಂಡಿ.

ಈಗ ಬಳೆಗಳು ಮತ್ತೆ ಕಾಣಿಸಿಕೊಂಡಿವೆ. 2013ರಲ್ಲಿ ಆರಂಭವಾದ ನಿಯೋಸಿಟೀಸಿನಂಥ ಕಡೆಗಳಲ್ಲಿ ಹವ್ಯಾಸಿಗಳು ಮತ್ತೆ ಸ್ವಂತ ಪುಟ ಕಟ್ಟುತ್ತಿದ್ದಾರೆ. ಸ್ವಂತ ತಾಣಗಳನ್ನು ಪ್ರೋತ್ಸಾಹಿಸುವ ಇಂಡಿವೆಬ್ ಬಳಗದವರೂ 2018ರಲ್ಲಿ ತಮ್ಮದೊಂದು ಬಳೆ ಮಾಡಿಕೊಂಡರು. ಹೊಸ ಬಳೆಗಳಲ್ಲಿ ಬಹಳಷ್ಟಕ್ಕೆ ಕಂಪನಿಯ ಹಂಗಿಲ್ಲ. ಸದಸ್ಯರ ಹೆಸರು, ವಿಳಾಸಗಳ ಒಂದು ಸಾದಾ ಪಟ್ಟಿ, ಅದನ್ನು ಓದಿ ಹಿಂದುಮುಂದಿನವರನ್ನು ತೋರಿಸುವ ಕೆಲವೇ ಸಾಲುಗಳ ಪ್ರೋಗ್ರಾಂ, ಅಷ್ಟೆ.

ನಮ್ಮ ಓದುಗರ ಮನೆಗಳಲ್ಲೂ ಅಡುಗೆ, ಯಕ್ಷಗಾನ, ಹಳೆಯ ನಾಣ್ಯ, ಮನೆತನದ ವಂಶವೃಕ್ಷ ಎಂದು ಪುಟ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಐದು ಮನೆಯವರು ಕೂಡಿದರೆ ಒಂದು ಬಳೆಗೆ ಸಾಕು. ಪುಟದ ಬುಡದಲ್ಲಿ ‘ಹಿಂದಿನ ಮನೆ’, ‘ಮುಂದಿನ ಮನೆ’, ‘ಎಲ್ಲ ಮನೆಗಳು’ ಎಂದು ಕನ್ನಡದಲ್ಲೇ ಮೂರು ಕೊಂಡಿ ಬರೆಯಬಹುದು. ಪಟ್ಟಿಯ ನಕಲು ಮಾತ್ರ ಐದೂ ಮನೆಗಳಲ್ಲಿ ಇರಲಿ. ತಿಂಗಳಿಗೊಮ್ಮೆ ಯಾರಾದರೊಬ್ಬರು ಸುತ್ತು ಹಾಕಿ, ಯಾವ ಬಾಗಿಲು ತೆರೆಯಲಿಲ್ಲ ಎಂದು ಉಳಿದವರಿಗೆ ತಿಳಿಸಲಿ.